ಬುಡು ಮೇಸ್ತ್ರಿ

ಹುಣಸೂರಿನ ಮರದ ಡಿಪೋದಲ್ಲಿ ಜಬ್ಬಾರ್ ಮೇಸ್ತ್ರಿಗೆ ಒಂದು ಅಡ್ಡಹೆಸರಿತ್ತು: ಬುಡು ಮೇಸ್ತ್ರಿ. ಗಾಡಿಗೆ ಏರುತ್ತಿರುವ ದಿಮ್ಮಿ ಕೂದಲೆಳೆಯಷ್ಟು ಅಲುಗಿದರೂ ಸಾಕು, 'ಬುಡು! ಬುಡ್ರೋ!' ಎಂದು ಕಿರುಚಿಬಿಡುತ್ತಿದ್ದ. ಆಳುಗಳು ಹಗ್ಗ ಬಿಟ್ಟು ಪಕ್ಕಕ್ಕೆ ಹಾರುವರು. ಬಂಗಾರದಂಥ ತೇಗದ ದಿಮ್ಮಿ ಧೊಪ್ಪನೆ ಬಿದ್ದು ಸೀಳಿಹೋಗುವುದು. ಕಂಟ್ರಾಕ್ಟರು ತಲೆ ತಲೆ ಚಚ್ಚಿಕೊಳ್ಳುವರು. ಕಾಫಿ ಹೋಟೆಲಿನ ಬೆಂಚಿನ ಮೇಲೆ ಕೂತು 'ಪುಕ್ಕಲು ಸಾಬಿ' ಎಂದು ನಕ್ಕವರಿಗೂ ಬರವಿರಲಿಲ್ಲ. ನಗಲಿ ಬಿಡಿ, ನಗುವವರ ಗಂಟೇನು ಹೋಗುತ್ತದೆ? ಆ ಮಾತು ಅವನ ಬಾಯಿಗೆ ಹೇಗೆ ಅಂಟಿಕೊಂಡಿತು ಎಂದು ಅವರಲ್ಲಿ ಒಬ್ಬನಾದರೂ ಕೇಳಿದ್ದರೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮರ ಎಳೆಸುವುದು ಅವನಿಗೆ ಅಪ್ಪನಿಂದ ಬಂದ ಕಸುಬು. ಕೋಟೆ ಸೀಮೆಯ ಕಾಡಿನಿಂದ ಇಳಿದು ಬರುವ ದಿಮ್ಮಿಗಳನ್ನು ರಾಟೆ, ಮಿಣಿಹಗ್ಗ, ಬೆಣೆಗಳ ಬಲದಿಂದ ಏರಿಸಿ ಇಳಿಸುವ ಮನೆತನ. ಅಪ್ಪ ಮಕ್ಕಳಿಬ್ಬರಿಗೂ ಮೊದಲು ಕಲಿಸಿದ್ದು ಹಗ್ಗ ಕಟ್ಟುವುದನ್ನಲ್ಲ, ಬಿಡುವುದನ್ನು. 'ಜಾರುವ ಮಾಲಿಗೆ ಮೈ ಕೊಡಬೇಡಿ. ಮರ ಕಾಡಿನಲ್ಲಿ ಇನ್ನೊಂದು ಬೆಳೆಯುತ್ತೆ' ಎನ್ನುತ್ತಿದ್ದ. ಮೇಸ್ತ್ರಿ 'ಬುಡು' ಅಂದರೆ ಬೆಣೆಯವರು ಮೊದಲು ಹಾರಬೇಕು, ಹಗ್ಗದವರು ಆಮೇಲೆ ಕೈಬಿಡಬೇಕು. ಯಾಕೆ, ಏನು ಎಂದು ಕೇಳುವ ಹಾಗಿಲ್ಲ. ಆ ಮಾತು ಮನೆಯ ಹೆಂಗಸರಿಗೂ ಗೊತ್ತು. ಜಬ್ಬಾರನ ತಮ್ಮ ನಸೀರ್ ಮಹಾ ತಮಾಷೆಯ ಮನುಷ್ಯ; ತನ್ನ ಹೆಂಡತಿ ಫಹ್ಮೀದಾ ತುಂಬಿದ ಕೊಡ ಹೊತ್ತು ಬರುವಾಗ ಹಿಂದಿನಿಂದ 'ಬುಡು!' ಎಂದು ಕೂಗಿ ಬೆಚ್ಚಿಬೀಳಿಸಿ ಚೆನ್ನಾಗಿ ಬೈಸಿಕೊಳ್ಳುತ್ತಿದ್ದ.

ಅವನಿಗೆ ಅಡ್ಡಹೆಸರು ಬೀಳುವ ಮೊದಲು, ಕನ್ನಂಬಾಡಿ ಕಟ್ಟೆ ಎತ್ತರವಾಗುತ್ತಿದ್ದ ಕಾಲ ಅದು. ಎಡತೊರೆ ಸೀಮೆಯ ಹೊಳೆಯಂಚಿನ ಊರುಗಳಿಗೆ ನೀರು ಬರುತ್ತದೆ, ಎದ್ದು ದಿಣ್ಣೆಯ ಮೇಲಕ್ಕೆ ಹೋಗಿ ಎಂದು ಸಾರಿದ್ದರು. ದಂಡೇಹಳ್ಳಿಯವರು ಮನೆಯ ತೊಲೆ, ಬಾಗಿಲು, ಬೀಸುವ ಕಲ್ಲು ಎಲ್ಲ ಕಿತ್ತುಕೊಂಡು ಹೋದರು. ಉಳಿದದ್ದು ಬಸಪ್ಪ. ಒಂದೇ ಕಲ್ಲಿನಲ್ಲಿ ಕಡಿದ ಮಲಗಿದ ಬಸವ, ಆಳಿಗಿಂತ ಎತ್ತರ. ಕೊರಳಿನ ಗೆಜ್ಜೆಸರದ ಒಂದೊಂದು ಗೆಜ್ಜೆಯೂ ಬೇರೆ ಬೇರೆ. ಮುಂದಕ್ಕೆ ಬಾಗಿದ ಎರಡು ಕಿವಿ ನೋಡಿದರೆ ಈಗ ಯಾರೋ ಹೆಸರು ಹಿಡಿದು ಕರೆದರೇನೋ ಅನ್ನಿಸುತ್ತಿತ್ತು.

ಪಟೇಲ ಚಲುವಯ್ಯ ಹುಣಸೂರಿಗೇ ಬಂದು ಜಬ್ಬಾರನನ್ನು ಕಂಡ.

'ಇಂಥದ್ನ ಕಡಿಯೋ ಕೈ ಈಗ ಎಲ್ಲವೆ ಹೇಳು? ಒಂದ್ ಚೂರು ಮುಕ್ಕಾದ್ರೂ ಪೂಜೆಗಿಲ್ಲ ಕಣಯ್ಯಾ. ಭಿನ್ನವಾದ ದೇವ್ರನ್ನ ಮಡಿಕಂಡ್ರೆ ಊರಿಗೇ ಕೇಡು.'

'ಮುಕ್ಕಾಗದಂಗೆ ದಿಣ್ಣೆ ಮೇಲೆ ಕೂರಿಸ್ತೀನಿ ಗೌಡ್ರೇ. ಈ ಮಾತು ನಂದು' ಎಂದ ಜಬ್ಬಾರ್.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾಕಾದರೂ ಆಡಿದನೋ.

ದೇವರನ್ನು ಸಾಬರು ಮುಟ್ಟುವುದು ಹೇಗೆ ಎಂದು ಊರಲ್ಲಿ ನಾಲ್ಕು ಜನ ಗೊಣಗಿದರು. ಬಸಪ್ಪನ ಪೂಜೆ ಮಾಡುವ ತಮ್ಮಡಿ ಲಿಂಗಯ್ಯ ಅದಕ್ಕೊಂದು ದಾರಿ ಮಾಡಿದ. ಕಲ್ಲಿನಲ್ಲಿದ್ದ ದೇವರ ಕಳೆಯನ್ನು ಮಂತ್ರ ಹೇಳಿ ಕಲಶದ ನೀರಿಗೆ ತೆಗೆದುಕೊಂಡ. ಕಲಶದ ಬಾಯಿಗೆ ತೆಂಗಿನಕಾಯಿ ಇಟ್ಟು, ಬಟ್ಟೆ ಸುತ್ತಿ, 'ದೇವ್ರು ಈಗ ಇದರೊಳಗವ್ನೆ. ಅದು ಬರೀ ಕಲ್ಲು. ಯಾರು ಬೇಕಾದ್ರೂ ಮುಟ್ಬೋದು' ಎಂದ. ಗೊಣಗಿದವರು ಸುಮ್ಮನಾದರು.

ಜಬ್ಬಾರ್ ಕೆಲಸಕ್ಕೆ ಕೈಹಾಕಿದ. ಜಾಕಿ ಕೊಟ್ಟು ಕಲ್ಲನ್ನು ಎತ್ತಿ, ಅಡಿಗೆ ಮತ್ತಿಮರದ ಚೌಕಟ್ಟು ತೂರಿಸಿ, ಅದರ ನಾಲ್ಕು ಮೂಲೆಗೂ ಕಂಬ ನಿಲ್ಲಿಸಿ, ಚೌಕಟ್ಟಿನ ಕೆಳಗೆ ಉರುಳು ದಿಮ್ಮಿ ಹಾಸಿದ. ಕೊಂಬು, ಕಿವಿ, ಮೂತಿಗೆ ಹುಲ್ಲು ತುಂಬಿದ ಗೋಣಿ ಸುತ್ತಿ ಕಟ್ಟಿದ. ಮುಂದೆ ಊರಿನ ಎತ್ತುಗಳು ಎಳೆಯಬೇಕು, ಹಿಂದೆ ಬೆಣೆಯವರು ಉರುಳು ದಿಮ್ಮಿಗೆ ಬೆಣೆ ಕೊಡುತ್ತಾ ಬರಬೇಕು. ಬೆಣೆಗೆ ನಿಂತವನು ನಸೀರ್. ಅವನಷ್ಟು ಚುರುಕಿನ ಕೈ ಗುಂಪಿನಲ್ಲಿ ಇನ್ನೊಂದಿರಲಿಲ್ಲ.

'ಬಸಪ್ಪಾ, ನಿನ್ನ ನೆಂಟ್ರೇ ನಿನ್ನ ಎಳೀತಾವ್ರೆ ಕಣಪ್ಪಾ, ಒಸಿ ಅಗುರಾಗು!' ಎಂದು ಅವನು ಕೂಗಿದರೆ ದಂಡೇಹಳ್ಳಿಯ ಹೆಂಗಸರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಹಳೆ ಊರಿಗೂ ದಿಣ್ಣೆಗೂ ನಡುವೆ ಒಂದು ಹಳ್ಳ. ಇಳಿಯುವುದು ಸುಲಭವಾಯಿತು. ಏರುವಾಗ, ಇನ್ನೇನು ದಡ ಮುಟ್ಟಬೇಕು ಅನ್ನುವಷ್ಟರಲ್ಲಿ, ಮುಂದಿನ ಎತ್ತೊಂದು ಮುಗ್ಗರಿಸಿತು. ಮಿಣಿ ಸಡಿಲವಾಗಿ ಮತ್ತೆ ಜಗ್ಗಿತು, ಫಟ್ಟನೆ ಒಂದು ಎಳೆ ಹರಿಯಿತು. ಕಲ್ಲು ಹಿಂದಕ್ಕೆ ಜಾರಿತು.

ಜಬ್ಬಾರ್ ಎಲ್ಲವನ್ನೂ ಕಂಡ. ದಡದ ಮೇಲೆ ಕೈಮುಗಿದು ನಿಂತಿದ್ದ ಊರನ್ನು, ಪಟೇಲನ ಮುಖವನ್ನು, ಕೆಳಗೆ ಹಳ್ಳದಲ್ಲಿ ಹಲ್ಲು ಕಿರಿದುಕೊಂಡಿದ್ದ ಬಂಡೆಯನ್ನು. ಕಲ್ಲು ಅದರ ಮೇಲೆ ಬಿದ್ದರೆ ಎರಡು ಹೋಳು. ಬಾಯಿಯ ತುದಿಗೆ ಬಂದಿದ್ದ ಮಾತನ್ನು ನುಂಗಿಕೊಂಡ. ಅಪ್ಪ ಎಂದೂ ಕಲಿಸದ ಮಾತೊಂದು ಹೊರಗೆ ಬಂತು.

'ಹಿಡಿ! ಬಿಡಬ್ಯಾಡ, ಹಿಡಿ!'

ಹಾರಲು ಕಾಲೆತ್ತಿದ್ದ ನಸೀರ್ ತಿರುಗಿದ. ಅಣ್ಣನ ಮಾತಿಗೆ ಎದುರಾಡಿದವನಲ್ಲ. ಒಂದು ಬೆಣೆ ಕೊಟ್ಟ, ಅದು ಚಿಮ್ಮಿಹೋಯಿತು. ಇನ್ನೊಂದು ಬೆಣೆಯನ್ನು ಎದೆಯಿಂದ ಒತ್ತಿಕೊಂಡೇ ತೂರಿಸಿದ. ಕಲ್ಲು ನಿಂತಿತು. ನಸೀರ್ ಅದರ ಅಡಿಯಲ್ಲಿದ್ದ.

ಜಾಕಿ ತಂದು, ಎತ್ತಿ, ಅವನನ್ನು ಈಚೆಗೆ ಎಳೆದುಕೊಳ್ಳುವ ಹೊತ್ತಿಗೆ ಉಸಿರಿರಲಿಲ್ಲ. ಅಯ್ಯೋ, ಆ ನಗುವ ಬಾಯಿ ತುಂಬ ಹಳ್ಳದ ಮಣ್ಣು.

ಅವನನ್ನು ಗಾಡಿಯಲ್ಲಿ ಹುಣಸೂರಿಗೆ ತಂದು ಮಣ್ಣು ಮಾಡಿದರು. ಜಬ್ಬಾರ್ ಅಳಲಿಲ್ಲ. ಕಬರಸ್ತಾನದಿಂದ ಬಂದವನು ಹೊಸ್ತಿಲ ಬಳಿ ನಿಂತಿದ್ದಾಗ, ಗಂಡ ಸತ್ತ ಹೆಂಗಸರು ಮರೆಯಲ್ಲಿ ಕಳೆಯುವ ಇದ್ದತ್ತಿಗೆ ಕೂತಿದ್ದ ಫಹ್ಮೀದಾ ಪರದೆಯ ಹಿಂದಿನಿಂದ ಒಂದೇ ಒಂದು ಮಾತು ಕೇಳಿದಳು.

'ಭಾಯಿಜಾನ್, ನೀವು ಬುಡು ಅಂದ್ರಾ?'

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಅವಳು ಎರಡನೆಯ ಸಲ ಕೇಳಲಿಲ್ಲ.

ಮೂರನೆಯ ದಿನ ಗೋರಿಯ ಬಳಿ ಮಾಡುವ ಜಿಯಾರತ್ ಮುಗಿಸಿಕೊಂಡು ಅವನು ದಂಡೇಹಳ್ಳಿಗೆ ವಾಪಸು ಹೋದ. ಹುಚ್ಚೇ ಎಂದು ನಂಟರು ಬೈದರು. ಹುಚ್ಚೇ ಇರಬೇಕು. ಆದರೆ ಅವನ ತಲೆಯಲ್ಲಿ ಒಂದೇ ಹಟ: ತಮ್ಮ ಎದೆ ಕೊಟ್ಟು ನಿಲ್ಲಿಸಿದ ಕಲ್ಲು ದಿಣ್ಣೆಯ ಮೇಲೆ ಕೂತು ಪೂಜೆ ಪಡೆಯಬೇಕು. ಅಷ್ಟಾದರೆ ಫಹ್ಮೀದಾಳ ಮುಂದೆ ನಿಂತು ಹೇಳಲು ಏನಾದರೂ ಇರುತ್ತದೆ. ಹೊಸ ಮಿಣಿ ಹಾಕಿ, ಕಲ್ಲನ್ನು ದಡ ಹತ್ತಿಸಿ, ಹೊಸ ಗುಡಿಯ ಕಟ್ಟೆಯ ಮೇಲೆ ಕೂರಿಸಿದ. ಊರೆಲ್ಲ ಸೇರಿತು. ತಮ್ಮಡಿ ಲಿಂಗಯ್ಯ ಕಲಶ ಹಿಡಿದು ನಿಂತ. ಜಬ್ಬಾರನೇ ಗೋಣಿಗಳನ್ನು ಬಿಚ್ಚಿದ.

ಹುಲ್ಲಿನ ಜೊತೆ ಏನೋ ಟಣ್ಣನೆ ನೆಲಕ್ಕೆ ಬಿತ್ತು. ಬಸಪ್ಪನ ಎಡಗಿವಿಯ ತುದಿ. ಆವತ್ತು ಕಲ್ಲು ಥಟ್ಟನೆ ನಿಂತಾಗ ಕಿವಿ ಚೌಕಟ್ಟಿನ ಕಂಬಕ್ಕೆ ಬಡಿದಿತ್ತು. ಗೋಣಿಯೊಳಗೆ ಯಾರಿಗೂ ಕಂಡಿರಲಿಲ್ಲ.

ಲಿಂಗಯ್ಯ ಕಲಶವನ್ನು ಎದೆಗೆ ಅವುಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಕೊನೆಗೆ ಪಟೇಲನೇ ಹೇಳಬೇಕಾಯಿತು.

'ಏನ್ ಮಾಡಾಣ ಮೇಸ್ತ್ರಿ. ಭಿನ್ನವಾಗೋಯ್ತು. ಬ್ಯಾರೆ ಬಸಪ್ಪನ್ನ ಕಡಿಸ್ತೀವಿ, ಕಳೆ ಅದಕ್ಕೆ ತುಂಬ್ತೀವಿ. ಇದನ್ನ ಗಂಗೆಗೆ ಬುಡಬೇಕು. ಹಳೆ ಗುಡಿ ಮೆಟ್ಲಿಗೆ ನೀರು ಬಂದದೆ, ಅಲ್ಲೇ ಇಟ್ಬುಟ್ರೆ ಮುಳುಗ್ತದೆ. ಇದನ್ನ ಅಲುಗಿಸೋಕೆ ನಿನ್ನ ಬುಟ್ರೆ ಇನ್ಯಾರವ್ರೆ?'

ಜಬ್ಬಾರ್ ಪಟೇಲನ ಕಡೆ ನೋಡಲೇ ಇಲ್ಲ. ತಮ್ಮಡಿಯ ಹತ್ತಿರ ಹೋಗಿ ನಿಂತ.

'ಸ್ವಾಮೀ, ಒಂದ್ ಮಾತು ಹೇಳಿ. ನನ್ನ ತಮ್ಮ ಸತ್ತಾಗ ಇದು ದೇವ್ರಾಗಿತ್ತೋ, ಕಲ್ಲಾಗಿತ್ತೋ?'

ಲಿಂಗಯ್ಯ ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಪಾಪದ ಮನುಷ್ಯ, ಸುಳ್ಳು ಬರಲಿಲ್ಲ. 'ಕಲ್ಲು ಕಣಪ್ಪಾ' ಎಂದ. 'ಕಳೆ ನನ್ ಕೈಲಿತ್ತು.'

ಜಬ್ಬಾರ್ ತಲೆಯಾಡಿಸಿದ. ಆಮೇಲೆ ಆಳುಗಳ ಕಡೆ ತಿರುಗಿ ಮಿಣಿ ಕಟ್ಟಲು ಹೇಳಿದ.

ಈಗ ಅದೇ ಹಳ್ಳದ ದಡದಲ್ಲಿ ಕೆಳಗಿಳಿಸಬೇಕು. ಮೇಲೆ ನಿಂತವರು ಹಗ್ಗ ಬಿಗಿಹಿಡಿದು ಚೂರುಚೂರೇ ಸಡಿಲಿಸಬೇಕು, ಬೆಣೆಯವರು ಮುಂದೆ ನಿಲ್ಲಬೇಕು. ನಸೀರನ ಜಾಗದಲ್ಲಿ ಸಣ್ಣಯ್ಯ ನಿಂತ, ಡಿಪೋದ ಹಳೆಯ ಆಳು. ಇಳಿಜಾರಿನ ನಡುವೆ ಒಂದು ಉರುಳು ದಿಮ್ಮಿ ಸೊಟ್ಟಗಾಯಿತು. ಕಲ್ಲು ಅಲುಗಿತು. ಜಾರಲಿಲ್ಲ, ಬರೀ ಅಲುಗಿತು. ಸಣ್ಣಯ್ಯ ಆಗಲೇ ಬೆಣೆ ಹಿಡಿದು ಬಗ್ಗಿದ್ದ.

'ಬುಡು!'

ಹಳ್ಳವೆಲ್ಲ ಮೊಳಗುವಂತೆ ಕೂಗಿದ ಜಬ್ಬಾರ್. 'ಬುಡ್ರೋ! ಬುಡ್ರಪ್ಪೋ! ಬುಡು!'

ಸಣ್ಣಯ್ಯ ಬೆಣೆ ಎಸೆದು ಪಕ್ಕಕ್ಕೆ ಹಾರಿದ. ಹಗ್ಗದವರು ಕೈಬಿಟ್ಟರು. ಯಾರ ಕೈಯೂ ಇಲ್ಲದ ಬಸಪ್ಪ ಇಳಿಜಾರಿನಲ್ಲಿ ದಡದಡ ಉರುಳಿ ಹೋಗಿ ಬಂಡೆಗೆ ಅಪ್ಪಳಿಸಿ ಎರಡು ಹೋಳಾದ. ಗೆಜ್ಜೆಸರ ನಡುವಿಗೆ ಸೀಳಿಹೋಯಿತು.

ಸಣ್ಣಯ್ಯ ಮೈಯ ಮಣ್ಣು ಕೊಡವಿಕೊಳ್ಳುತ್ತಾ ಎದ್ದ. 'ಏನ್ ಮೇಸ್ತ್ರಿ ನೀವು! ಒಂದ್ ಬೆಣೆ ಕೊಟ್ಟಿದ್ರೆ ನಿಂತ್ಕತಿತ್ತು.'

'ಎಲ್ರೂ ಈಚೆ ಬಂದ್ರಾ?' ಎಂದ ಜಬ್ಬಾರ್.

'ಬಂದೀವಿ. ಎಲ್ರೂ ಬಂದೀವಿ.'

ದಡದಿಂದ ಪಟೇಲ ಚಲುವಯ್ಯ ಇಳಿದು ಬಂದು ಅವನ ಭುಜದ ಮೇಲೆ ಕೈಯಿಟ್ಟ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ: 'ಓಗ್ಲಿ ಬುಡು ಮೇಸ್ತ್ರಿ. ನೀರು ಇಲ್ಲಿಗೂ ಬತ್ತದೆ. ಬರೀ ಕಲ್ಲು ತಾನೆ.'

ಆಗ ಜಬ್ಬಾರ್ ಹಳ್ಳದ ಕೆಸರಿನಲ್ಲೇ ಕುಕ್ಕರಿಸಿ, ಮಕ್ಕಳ ಹಾಗೆ ಬಾಯಿಬಿಟ್ಟು ಅತ್ತ. ಆಳುಗಳು ಏನು ಮಾಡಬೇಕೋ ತೋಚದೆ ಹಗ್ಗ ಸುತ್ತತೊಡಗಿದರು.

ಸಂಜೆ ಹೊತ್ತಿಗೆ ಹುಣಸೂರು ಸೇರಿದ. ಕೈಕಾಲು ಕೂಡ ತೊಳೆಯದೆ ಹೋಗಿ ಪರದೆಯ ಈಚೆ ನೆಲದ ಮೇಲೆ ಕೂತ. ಒಳಗೆ ಫಹ್ಮೀದಾ ಅಕ್ಕಿ ಆರಿಸುತ್ತಿದ್ದ ಮೊರದ ಸದ್ದು ನಿಂತಿತು.

'ಫಹ್ಮೀದಾ,' ಎಂದ. 'ಬುಡು ಅಂದೆ ಕಣಮ್ಮಾ. ಇವತ್ತು ಅಂದೆ. ಎಲ್ಲರೂ ಉಳಿದುಕೊಂಡ್ರು.'

ಪರದೆಯ ಹಿಂದೆ ಮೊರವನ್ನು ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಅವಳು ಕೇಳಿದಳು.

'ಇವತ್ತಾ?'