ವಿಭೂತಿಯಡಿಯ ಗೆರೆ

ದಾಕ್ಷಾಯಿಣಿಯ ಮುತ್ತಜ್ಜ ರಾಚಪ್ಪ, ಘಟಪ್ರಭೆಗೆ ಮಹಾಪೂರ ಬಂದಾಗ ಮುಳುಗುತ್ತಿದ್ದ ನೀರೆತ್ತುವ ಎಂಜಿನ್ನಿಗೆ ಹಗ್ಗ ಬಿಗಿಯಲು ಹೊಳೆಗೆ ಹಾರಿದವನು. ಎಂಜಿನ್ನು ದಂಡೆಗೆ ಬಂತು, ರಾಚಪ್ಪನೂ ಬಂದ. ರುಮಾಲು ಮಾತ್ರ ಹೊಳೆಯ ಪಾಲಾಯಿತು. ಅವನ ಮಗ ದುಂಡಪ್ಪ ಸುಟ್ಟ ಮೋಟಾರನ್ನು ಮೂಸಿ ನೋಡಿಯೇ ಎಲ್ಲಿ ಕರಕಾಗಿದೆ ಎಂದು ಹೇಳುತ್ತಿದ್ದ. ಅರಭಾವಿಯಿಂದ ಕೌಜಲಗಿಯವರೆಗೆ ಎಷ್ಟೋ ಬಾವಿಗಳ ನೀರು ಅವನ ಕೈಗುಣದಿಂದ ಮೇಲೇರಿದೆ. ದುಂಡಪ್ಪನ ಮಗ ಶ್ರೀಶೈಲ ಕಬ್ಬಿನ ಹಂಗಾಮಿನಲ್ಲಿ ಕಣ್ಣು ಕಳೆದುಕೊಂಡ ಟ್ರ್ಯಾಕ್ಟರುಗಳಿಗೆ ದೀಪ ಕೊಟ್ಟವನು. ಆ ಶ್ರೀಶೈಲನ ಒಬ್ಬಳೇ ಮಗಳು ನಮ್ಮ ಮೂಡಲಗಿಯ ದಾಕ್ಷಾಯಿಣಿ.

ಅಪ್ಪ ತೀರಿಕೊಂಡ ಮೇಲೆ ಗೋಕಾಕದ ಗ್ಯಾರೇಜೊಂದರಲ್ಲಿ ವಾಹನಗಳ ವೈರಿಂಗ್ ಕಲಿತು, ಊರಿಗೆ ಮರಳಿ ಅಪ್ಪನ ಅಂಗಡಿಯ ಬಾಗಿಲು ತೆರೆದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆದರೆ ಹೆಣ್ಣುಮಗಳ ಕೈಗೆ ಕಾರು ಕೊಡಲು ಮಂದಿ ಹಿಂದುಮುಂದು ನೋಡುತ್ತಿದ್ದರು. ಬರುತ್ತಿದ್ದುದು ಬರೀ ಸ್ಕೂಟರಿನ ಹಾರ್ನು, ಬೈಕಿನ ಬಲ್ಬು.

ಹುಕ್ಕೇರಿಯಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಅವಳ ಸೋದರಮಾವ ಅಪ್ಪಣ್ಣ ಇದನ್ನು ನೋಡಿ ನೋಡಿ ಸೋತ. ಚೈತ್ರದ ಒಂದು ಬೆಳಿಗ್ಗೆ ಬಂದು ಕುರ್ಚಿ ಎಳೆದುಕೊಂಡು ಕೂತ.

"ದಾಕ್ಷಿ, ಸಾಕವ್ವಾ ಇದು. ಕೀಲಿ ಹಾಕು. ನನ್ನ ಅಂಗಡ್ಯಾಗ ಕುಂಡ್ರು, ಪಗಾರ ಕೊಡ್ತೇನಿ."

ಅದೇ ಹೊತ್ತಿಗೆ ಕೌಜಲಗಿಯ ಕೆಂಚಪ್ಪನ ಕಾರು ಬಂದು ಬಾಗಿಲಿಗೆ ನಿಂತಿತು. ಕೆಂಚಪ್ಪ ಬಾಡಿಗೆ ಗಾಡಿ ಓಡಿಸುವವನು. ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದ.

"ತಂಗಿ, ಏಸಿ ಸತ್ತೈತಿ. ಒಬ್ಬಾಂವ ಗ್ಯಾಸ್ ತುಂಬಿದಾ. ಇನ್ನೊಬ್ಬಾಂವ ಕಂಪ್ರೆಸರ್ ಹೋಗೇತಿ ಅಂದಾ. ಮೂಡಲಗಿ ಮ್ಯಾಲ ಹಾದು ಹೊಂಟಿದ್ದೆ, ನೀನೂ ಒಂದ ಕೈ ನೋಡು."

ದಾಕ್ಷಾಯಿಣಿ ಮಾವನ ಕಡೆ ತಿರುಗಿದಳು. "ಮಾಮಾ, ಈ ಗಾಡಿ ತಂಪಾಗಿ ಹೋದ್ರ ನಾ ಇಲ್ಲೇ ಇರ್ತೇನಿ. ಬಿಸಿ ಬಿಸಿನ ಹೋದ್ರ, ಕೀಲಿ ನೀವ ಹಾಕ್ರಿ. ನಿಮ್ಮ ಹಿಂದ ಬರ್ತೇನಿ."

"ಮಾತು ಅಂದ್ರ ಮಾತು ನೋಡು," ಎಂದ ಅಪ್ಪಣ್ಣ, ಚಹಾ ಹೇಳಿ ಕಾಲು ಚಾಚಿದ.

ಅವಳು ಮೊದಲು ಕಂಪ್ರೆಸರಿಗೆ ಬ್ಯಾಟರಿಯಿಂದ ನೇರವಾಗಿ ಕರೆಂಟು ಕೊಟ್ಟಳು. ಟಕ್ಕೆಂದು ಹಿಡಿದು ತಿರುಗಿತು. ಅಂದರೆ ಕಂಪ್ರೆಸರು ಗಟ್ಟಿಯಾಗಿದೆ, ಅದಕ್ಕೆ ತಿರುಗು ಎಂದು ಅಪ್ಪಣೆ ಕೊಡುವವರೇ ಇಲ್ಲ. ಫ್ಯೂಸು ನೋಡಿದಳು, ರಿಲೇ ಬದಲಿಸಿ ನೋಡಿದಳು. ಎಲ್ಲ ಸರಿ. ಅಪ್ಪಣ್ಣ ಚಹಾ ಮುಗಿಸಿ ಅಂಗಡಿಯ ಬೀಗವನ್ನು ತೊಡೆಯ ಮೇಲಿಟ್ಟುಕೊಂಡ.

ಅವಳು ಕಾರಿನೊಳಗೆ ಕೂತು ಕೀಲಿ ತಿರುವಿದಳು. ಸ್ಟೇರಿಂಗಿನ ಮುಂದಿನ ಗಾಜಿನ ಫಲಕದಲ್ಲಿ ಹೊರಗಿನ ಬಿಸಿಲಿನ ಅಂಕಿ ಮೂಡಿತು: ನಲವತ್ತು. ಚೈತ್ರದ ಬಿಸಿಲಿಗೆ ಒಪ್ಪುವ ಅಂಕಿಯೇ. ನೋಡಿ ಮುಂದೆ ಹೋಗುವವಳಿದ್ದಳು. ಆದರೆ ಇನ್ನೂ ಹೊತ್ತೇರಿರಲಿಲ್ಲ, ಅಂಗಡಿ ಮುಂದಿನ ಬೇವಿನ ಮರದ ನೆರಳು ಗಾಡಿಯ ಮೇಲೇ ಇತ್ತು.

"ಕೆಂಚಪ್ಪ ಕಾಕಾ, ಸಂಕ್ರಮಣದಾಗ ಇದು ಎಷ್ಟ ತೋರಸ್ತಿತ್ರಿ?"

"ಆಗೂ ನಲವತ್ತ."

"ಮೈ ನಡುಗೋ ಚಳಿಯಾಗ?"

"ಗಾಡಿ ಹೊಟ್ಟಿ ಬಿಸಿ ಇರ್ತೈತಲ್ಲವ್ವಾ, ಅದನ್ನ ತೋರಸ್ತೈತಿ ಅಂತ ಬಿಟ್ಟೆ."

ಅಂಕಿಯ ಎಡಕ್ಕೆ, ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ ದಪ್ಪಗೆ ಮೆತ್ತಿಕೊಂಡಿತ್ತು. ಸೋಮವಾರಕ್ಕೊಮ್ಮೆ ಕೆಂಚಪ್ಪ ಅದರ ಮೇಲೇ ಇನ್ನಷ್ಟು ಹಚ್ಚುತ್ತಿದ್ದ. ಹಿಂದಿನ ಮೇಸ್ತ್ರಿಗಳು ದೇವರ ಗುರುತೆಂದು ಯಾರೂ ಮುಟ್ಟಿರಲಿಲ್ಲ. ದಾಕ್ಷಾಯಿಣಿ ಬೆರಳು ಚಾಚಿದಳು.

"ಏ ಏ! ಇಬತ್ತಿ ಅಳಸ್ಬ್ಯಾಡ!" ಕೆಂಚಪ್ಪ ಕೈ ಹಿಡಿದ.

"ಅಳಸೂದಿಲ್ರಿ, ಜಾಗಾ ಬದಲಿ ಮಾಡ್ತೇನಿ." ನಮಸ್ಕರಿಸಿ, ಗಾಜಿನ ವಿಭೂತಿಯನ್ನು ಬೆರಳಿಗೆ ತೆಗೆದುಕೊಂಡು ತನ್ನ ಹಣೆಗೆ ಬಳಿದುಕೊಂಡಳು. ಉಳಿದದ್ದನ್ನು ಕೆಂಚಪ್ಪನ ಹಣೆಗೆ ಹಚ್ಚಿದಳು.

ಗಾಜು ಬಯಲಾಯಿತು. ನಲವತ್ತರ ಎಡಕ್ಕೆ ಒಂದು ಅಡ್ಡ ಗೆರೆ ಮಿನುಗುತ್ತಿತ್ತು.

"ನೋಡ್ರಿ ಕಾಕಾ, ಮೈನಸ್! ಸೊನ್ನೀಗಿಂತ ನಲವತ್ತ ಕೆಳಗ! ಹೊರಗ ಹಿಮಾ ಸುರೀಲಾಕತ್ತೈತಿ ಅಂತ ನಿಮ್ಮ ಗಾಡಿ ತಿಳಕೊಂಡೈತಿ. ಅಂಥಾ ಚಳ್ಯಾಗ ಏಸಿ ಯಾಕ್ ಹಚ್ತೈತಿ ಅದು? ಕಂಬಳಿ ಕೇಳ್ತೈತಿ!"

ಕೆಂಚಪ್ಪ ಬೆವರು ಒರೆಸಿಕೊಳ್ಳುತ್ತ ನಕ್ಕುಬಿಟ್ಟ. ಅಪ್ಪಣ್ಣ ಮಾತ್ರ ವ್ಯಾಪಾರಿ. "ಹಂಗಾರ ಹೊರಗಿನ ಬಿಸಿ ಅಳ್ಯೂ ಸೆನ್ಸರ್ ಹೋಗೇತಿ. ಹೊಸಾದು ನನ್ನ ಅಂಗಡ್ಯಾಗೈತಿ. ನಡಿ ಹುಕ್ಕೇರಿಗೆ."

"ತಡೀರಿ ಮಾಮಾ. ಸತ್ತೈತೋ ಇಲ್ಲೋ ನೋಡದ ಮಣ್ಣ ಕೊಡೂದ?"

ಮುಂದಿನ ಜಾಲರಿಯ ಹಿಂದೆ ಕೂತಿದ್ದ, ಹುಣಸೆಬೀಜದಷ್ಟು ಸೆನ್ಸರನ್ನು ಕಳಚಿ ಮೀಟರಿನ ಎರಡು ಕಡ್ಡಿ ಹಚ್ಚಿದಳು. ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದಾಗ ಮೀಟರಿನ ಅಂಕಿ ಇಳಿಯಿತು; ಬಿಸಿಗೆ ಇಳಿಯುವುದೇ ಅದರ ಗುಣ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಡಿಗೆಯ ನೀರಿಗೆ ಇಳಿಬಿಟ್ಟಾಗ ಏರಿತು. ಬಿಸಿ ಯಾವುದು, ತಂಪು ಯಾವುದು ಎಂಬ ಖಬರು ಅದಕ್ಕೆ ಚೆನ್ನಾಗಿಯೇ ಇತ್ತು. ಆಮೇಲೆ, ಅದು ಕೂರುವ ಜಾಗದ ಎರಡು ವೈರುಗಳನ್ನು ಒಂದಕ್ಕೊಂದು ಕೂಡಿಸಿದಳು. ವೈರು ಸರಿಯಿದ್ದರೆ ಫಲಕದ ಅಂಕಿ ಧಗ್ಗೆಂದು ಮೇಲೇರಬೇಕು. ಗಾಡಿ ಆರಿಸಿ ಕೀಲಿ ಮತ್ತೆ ತಿರುವಿದರೂ ಮೈನಸ್ ನಲವತ್ತು ಜಪ್ಪಯ್ಯ ಅನ್ನಲಿಲ್ಲ.

"ಸೆನ್ಸರ್ ಖರೆ ಹೇಳಾಕತ್ತೈತಿ. ಹಾದ್ಯಾಗ ಯಾರೋ ಅದರ ಬಾಯಿ ಕಟ್ಟ್ಯಾರ," ಎಂದು ವೈರಿನ ಜಾಡು ಹಿಡಿದು ಬಂಪರಿನ ಕೆಳಗೆ ತೂರಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ನಗು ಕೇಳಿತು.

"ಕಾಕಾ, ದಸರಾದಾಗ ಖಂಡೇಪೂಜಿಗೆ ಗಾಡಿ ಮಾರಿಗೆ ಏನ್ ಕಟ್ಟಿದ್ರಿ?"

"ಎರಡ ಕಬ್ಬು, ಎರಡ ಬಾಳಿಗಿಡ. ದಾರೀಲೆ ಜಾರ್ತಾವಂತ ಬೈಂಡಿಂಗ್ ವಾಯರಿನಲೆ ಇಕ್ಕಳಾ ಹಚ್ಚಿ ಬಿಗದಿದ್ದೆ. ಯಾಕ?"

"ಕಬ್ಬಿನ ಸಂಗಾಟ ಸೆನ್ಸರಿನ ಕುತ್ತಿಗೀನೂ ಬಿಗದೀರಿ!"

ಕಬ್ಬು ಬಿಚ್ಚಿದರೂ ತಂತಿಯ ಕುಣಿಕೆ ಅಲ್ಲೇ ಉಳಿದಿತ್ತು. ಸೆನ್ಸರಿನ ವೈರು ಅದರಲ್ಲಿ ಸಿಕ್ಕು ತುಂಡಾಗಿ, ತುದಿ ಹಸಿರು ಕಿಲುಬು ಹಿಡಿದಿತ್ತು. ದಾಕ್ಷಾಯಿಣಿ ಕಿಲುಬು ಕತ್ತರಿಸಿ ಹೊಸ ತುಂಡು ಕೂಡಿಸಿ, ಬೆಸುಗೆ ಹಾಕಿ, ಮೇಲೆ ಬಿಸಿಗೆ ಮುದುಡುವ ತೊಗಲಿನಂಥ ನಳಿಕೆ ಎಳೆದು ಬಿಸಿ ಮಾಡಿ ಬಿಗಿದಳು. ಸೆನ್ಸರನ್ನು ಅದರ ಗೂಡಿನಲ್ಲಿ ಕೂರಿಸಿದಳು. ಅಷ್ಟರಲ್ಲಿ ಬೇವಿನ ನೆರಳು ಸರಿದು ಬಿಸಿಲು ಕಾರಿನ ಮೇಲೆ ಬಂದಿತ್ತು.

ಕೀಲಿ ತಿರುವಿದಳು. ಗೆರೆಯಿಲ್ಲ, ಬರೀ ಮೂವತ್ತೊಂಬತ್ತು.

ಕೆಂಚಪ್ಪ ಗಾಜಿಗೆ ಮೂಗು ಹಚ್ಚಿ ನೋಡಿದ. "ಅಲ್ಲವ್ವಾ, ಮುಂಜಾನಿಂದ ಬೆವರ ಸುರಸಿ ಒಂದ ಡಿಗ್ರಿ ಕಡಿಮಿ ಮಾಡಿದೇನ?"

ಅವನ ಮಾತು ಮುಗಿಯುವ ಮೊದಲೇ ಟಕ್ಕೆಂದು ಕಂಪ್ರೆಸರು ಹಿಡಿಯಿತು. ಕಿಂಡಿಯಿಂದ ಮೊದಲು ಧೂಳು, ಆಮೇಲೆ ತಣ್ಣನೆಯ ಗಾಳಿ ಬುಸುಗುಟ್ಟಿತು. ಕೆಂಚಪ್ಪ ಅಂಗಿಯ ಗುಂಡಿ ಬಿಚ್ಚಿ ಎದೆಯೊಡ್ಡಿ ಕೂತ. "ಮಾಮಾರ ಬರ್ರಿ, ಒಳಗ ಬರ್ರಿ!" ಎಂದು ಕೂಗಿದ. ಅಪ್ಪಣ್ಣ ಹೋಗಿ ಕೂತ, ಬೀಗ ಕುರ್ಚಿಯ ಮೇಲೇ ಬಿದ್ದಿತ್ತು. ಎದುರಿನ ಹೋಟೆಲಿನ ಮಂದಿಯೂ ಬಂದು ಸರದಿಯ ಮೇಲೆ ಕೂತು ತಂಪು ನೋಡಿ ಹೋದರು. ಅವರಲ್ಲಿ ಒಬ್ಬ ತನ್ನ ಜೀಪಿನ ಮೀಟರೂ ಸುಳ್ಳು ಹೇಳುತ್ತಿದೆ, ತರಲೇ ಎಂದು ಕೇಳಿದ.

"ತರ್ರಿ. ಇಬತ್ತಿ ಹಚ್ಚಿದ್ದರ ಮೊದಲ ಹೇಳ್ರಿ," ಎಂದಳು ದಾಕ್ಷಾಯಿಣಿ.

ಕೆಂಚಪ್ಪ ಗಾಜು ಏರಿಸಿಕೊಂಡು ಗೋಕಾಕದ ದಾರಿ ಹಿಡಿದ ಮೇಲೆ ಅಪ್ಪಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಆತು, ನೀ ಗೆದ್ದಿ. ಆದರೂ ಒಂದ ಮಾತು. ನನ್ನ ಮಗ ಅಭಿಷೇಕನ್ನ ಕಳಸ್ತೇನಿ. ಕೆಲಸಾ ನೀ ಮಾಡು, ಅಂವಾ ಮುಂದ ಕುರ್ಚಿ ಮ್ಯಾಲ ಕುಂತಿರ್ಲಿ. ಗಂಡಸ ಮಾರಿ ಕಂಡ್ರ ಮಂದಿ ಧೈರ್ಯಾ ಮಾಡಿ ಗಾಡಿ ನಿಲ್ಲಸ್ತಾರ."

ದಾಕ್ಷಾಯಿಣಿ ಕೈಯ ಕಿಲುಬು ಒರೆಸಿಕೊಂಡು ಹೇಳಿದಳು: "ಬ್ಯಾಡ್ರಿ ಮಾಮಾ. ಅಭಿಷೇಕ ಚಹಾ ಕುಡ್ಯಾಕ ಬರ್ಲಿ, ಮಾರಿ ತೋರ್ಸಾಕ ಬ್ಯಾಡ. ನಿಲ್ಲಸಾವರು ನನ್ನ ಮಾರೀನ ನೋಡಿ ನಿಲ್ಲಸ್ಲಿ. ಈ ಅಂಗಡಿ ನಾ ಒಬ್ಬಾಕೀನ ನಡಸ್ತೇನಿ."