ಕೊಪ್ಪರಿಗೆಯಲ್ಲಿ ಬಂದ ನೆಂಟರು

ನಮ್ಮ ಮದುವೆಯಾದ ವರ್ಷವೇ ಮಿಷನ್ನಿನವರು ನನ್ನ ಗಂಡನನ್ನು ಹೊಸೂರಿನ ಆಚೆಯ ಒಂದು ಹಳ್ಳಿಗೆ ಉಪದೇಶಿಯಾಗಿ ಕಳಿಸಿದರು. ಯುದ್ಧದ ಕಾಲ ಅದು. ಔಷಧ ಕೊಡುವ ಕೆಲಸಕ್ಕೆಂದು ನಮ್ಮ ಜೊತೆ ಒಬ್ಬ ವಯಸ್ಸಾದ ಬಿಳಿಯ ಹೆಂಗಸೂ ಬಂದರು. ಊರವರು ಅವರನ್ನು ದೊರೆಸಾನಿ ಎಂದರು. ನಮಗೂ ಅದೇ ರೂಢಿಯಾಯಿತು.

ಜವಳಗಿರಿ ದಾರಿಯಲ್ಲಿ ಒಂದು ದೊಡ್ಡ ಕೆರೆ. ಅದರ ಅಂಗಳದ ನಡುವೆ ಒಂದು ದಿಬ್ಬ. ಹಕ್ಕಿ ಬೇಟೆಯ ಹುಚ್ಚಿದ್ದ ಯಾರೋ ದೊರೆ ಆ ದಿಬ್ಬದ ಮೇಲೆ ಹೆಂಚಿನ ಬಂಗಲೆ ಕಟ್ಟಿಸಿ ಬಿಟ್ಟುಹೋಗಿದ್ದ. ಅದೇ ನಮ್ಮ ಮನೆ.

ನಾವು ಹೋದದ್ದು ಕಡು ಬೇಸಿಗೆಯಲ್ಲಿ. ಕೆರೆ ಒಣಗಿ ಬಿರುಕುಬಿಟ್ಟಿತ್ತು. ಎತ್ತಿನ ಗಾಡಿ ಕೆರೆಯಂಗಳದಲ್ಲೇ ಹಾದು ಬಾಗಿಲ ಮುಂದೆ ನಿಂತಿತು. ಬಾವಲಿಗಳನ್ನು ಓಡಿಸಿದೆವು, ಸುಣ್ಣ ಬಳಿದೆವು, ದೊರೆಸಾನಿ ತಮ್ಮ ಹಳೆಯ ಗೌನುಗಳನ್ನು ಕತ್ತರಿಸಿ ಕಿಟಕಿಗಳಿಗೆ ಪರದೆ ಹೊಲಿದರು. ದಿನಾ ಬೆಳಿಗ್ಗೆ ಔಷಧದ ಪೆಟ್ಟಿಗೆ ತೆರೆದಿಟ್ಟುಕೊಂಡು ಜಗಲಿಯಲ್ಲಿ ಕಾಯುತ್ತಿದ್ದರು. ಬರುತ್ತಿದ್ದದ್ದು ಆಡುಗಳು ಮಾತ್ರ. ಜನ ಏರಿಯ ಮೇಲೆ ನಿಂತು ನಮ್ಮನ್ನು ನೋಡಿ ಹೊರಟುಹೋಗುತ್ತಿದ್ದರು. ನಮ್ಮ ಜೊತೆ ಸೇರಿದರೆ ಜಾತಿ ಕೆಡುತ್ತದೆಂಬ ಭಯ ಅವರಿಗೆ.

ಹಿಂಗಾರು ಮಳೆ ವಾರವಿಡೀ ಸುರಿಯಿತು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ನಾಲ್ಕೂ ಕಡೆ ನೀರು. ಏರಿಯ ಮೇಲೆ ಊರಗೌಡರು ನಿಂತಿದ್ದರು.

‘ಮೇಷ್ಟ್ರೇ, ಮನೆಯೊಳಕ್ಕೆ ನೀರು ನುಗ್ಗೈತಾ?’ ಎಂದು ಕೂಗಿದರು.

‘ಇಲ್ಲ ಗೌಡರೇ. ಆದರೆ ದಾರಿಯೇ ಇಲ್ಲವಲ್ಲ. ಹೀಗೆ ತುಂಬುತ್ತದೆ ಅಂತ ಯಾರೂ ಹೇಳಲೇ ಇಲ್ಲ,’ ಎಂದರು ನನ್ನ ಗಂಡ.

‘ಕೆರೆ ಅಂದ್ಮೇಲೆ ತುಂಬಾಕಿಲ್ವಾ? ನಿಮ್ಗೆ ಗೊತ್ತೈತೆ ಅಂದ್ಕಂಡಿದ್ದೆ.’

ಮಧ್ಯಾಹ್ನಕ್ಕೆ ಗೌಡರು ತಮ್ಮ ಆಲೆಮನೆಯಿಂದ ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನು ಉರುಳಿಸಿಕೊಂಡು ಬಂದು ನೀರಿಗಿಳಿಸಿದರು. ಉದ್ದನೆಯ ಬಿದಿರು ಊರಿಕೊಂಡು, ರಾಗಿ ಹಿಟ್ಟಿನ ಚೀಲದೊಡನೆ ನಮ್ಮ ದಿಬ್ಬ ಸೇರಿದರು. ದೊರೆಸಾನಿ ಕೊಪ್ಪರಿಗೆಯನ್ನು ಸುತ್ತಿ ಬಂದು ನೋಡಿದರು. ಆಮೇಲೆ ಕೊಡೆ ಬಿಚ್ಚಿ, ಯಾರನ್ನೂ ಕೇಳದೆ ಅದರೊಳಗೆ ಕೂತುಬಿಟ್ಟರು.

ಗೌಡರು ಬಿದಿರು ಊರಿ ಏರಿಯ ಕಡೆಗೆ ಹೊರಡಿಸಿದರು; ಅರ್ಧ ದಾರಿಯಲ್ಲಿ ಕೊಪ್ಪರಿಗೆ ಬುಗುರಿಯ ಹಾಗೆ ತಿರುಗತೊಡಗಿತು. ಗಾಳಿಗೆ ಕೊಡೆ ಮೇಲುಮುಖವಾಗಿ ಮಗುಚಿತು. ದೊರೆಸಾನಿ ಅಂಚು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಏರಿಯ ಮೇಲಿದ್ದ ಊರೂ ನಕ್ಕಿತು. ಊರವರು ನಮ್ಮನ್ನು ನೋಡಿ ನಕ್ಕದ್ದು ಅದೇ ಮೊದಲು.

ಮಾರನೆಯ ದಿನವೇ ಗೌಡರ ಹೆಂಡತಿ ಬಂದರು. ನಾನು ಚಾಪೆ ಹಾಸಿ ಮಜ್ಜಿಗೆ ತರಲು ಎದ್ದೆ.

‘ನಿಮ್ಮನೇಲಿ ಏನೂ ಕುಡಿಯಾಕಿಲ್ಲ ಕಣವ್ವ, ಬೇಜಾರು ಮಾಡ್ಕಬ್ಯಾಡ. ಎಲೆ ಅಡಿಕೆ ನಾನೇ ತಂದಿವ್ನಿ.’

‘ಕೊಪ್ಪರಿಗೆಯಲ್ಲಿ ಬರೋಕೆ ಹೆದರಿಕೆ ಆಗಲಿಲ್ವಾ ಅಮ್ಮಾ?’

‘ಆಯ್ತು. ಅದಕ್ಕೇ ಬಂದೆ. ದೊರೆಸಾನಿ ಅಂಗೆ ನಗ್ತಿತ್ತಲ್ಲ, ಅದೇನು ನೋಡಾನ ಅಂತ.’ ಎಲೆಗೆ ಸುಣ್ಣ ಸವರುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಎಷ್ಟು ತಿಂಗ್ಳು?’ ಎಂದರು. ನಾನು ಆವರೆಗೆ ಗಂಡನಿಗೂ ಹೇಳಿರಲಿಲ್ಲ.

ಆಮೇಲೆ ಬಿಡುವಿಲ್ಲದಂತಾಯಿತು. ಒಣನೆಲದಲ್ಲಿ ನಡೆದು ಬರಲು ಹೆದರಿದ್ದವರು ಈಗ ಕೊಪ್ಪರಿಗೆಯ ಆಸೆಗೆ ಬಂದರು. ಕಣ್ಣುನೋವಿನವರು, ಕಜ್ಜಿಯವರು, ಯಾವ ನೋವೂ ಇಲ್ಲದವರು. ಒಬ್ಬ ಮುದುಕಿ ಮೊಣಕಾಲಿನ ಒಂದೇ ನೋವಿಗೆ ವಾರಕ್ಕೆರಡು ಸಲ ಬರುತ್ತಿದ್ದಳು. ಯಾರೂ ಕ್ರೈಸ್ತರಾಗಲಿಲ್ಲ. ನನ್ನ ಗಂಡನಿಗೆ ಮೊದಮೊದಲು ಆ ಕೊರಗಿತ್ತು. ದೊರೆಸಾನಿಗೆ ಅದಕ್ಕೂ ಪುರುಸೊತ್ತಿರಲಿಲ್ಲ.

ಬೇಸಿಗೆ ಹತ್ತಿರವಾಗುವ ಹೊತ್ತಿಗೆ ಆ ಮನೆಯಲ್ಲೇ ನನಗೆ ಹೆಣ್ಣುಮಗು ಹುಟ್ಟಿತು. ಹೆರಿಗೆ ಮಾಡಿಸಿದ್ದು ಗೌಡರ ಹೆಂಡತಿ. ನೀರು ಕಾಯಿಸಿ ಕೊಟ್ಟದ್ದು ದೊರೆಸಾನಿ. ಕೆಲಸವೆಲ್ಲ ಮುಗಿದ ಮೇಲೆ ಗೌಡರ ಹೆಂಡತಿ ಸೆರಗಿನಿಂದ ಬೆವರು ಒರೆಸಿಕೊಂಡು, ‘ಗಂಟ್ಲು ಒಣಗೋಗೈತೆ. ಒಸಿ ಮಜ್ಜಿಗೆ ತತ್ತಾ’ ಎಂದು ದೊರೆಸಾನಿಗೆ ಹೇಳಿದರು.