ಇಲ್ಲದ ಬಾಗಿಲಿಗೆ ತಲೆ ಬಗ್ಗಿಸಿದ್ದು

ನನ್ನ ಸಂಜೆಯ ಚಹಾ ನಾಲ್ಕಕ್ಕೆ. ನಾಲ್ಕೂ ಐದಕ್ಕೆ ಬಂದರೆ ಅದು ಚಹಾ ಅಲ್ಲ, ಕಷಾಯ. ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿ ಸೀಟಿ ಊದಿ ಸಾವಿರಾರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದವನು ನಾನು. ಮನೆಯಲ್ಲಿ ಒಂದು ಕಪ್ ಚಹಾ ಮಾತ್ರ ನನ್ನ ಸೀಟಿಗೆ ಬಗ್ಗಲಿಲ್ಲ. ಕಾರಣ, ಹೆಂಡತಿ ಗಿರಿಜಾ ಮತ್ತು ಪಕ್ಕದ ಮನೆಯ ಕಾಶವ್ವ. ಮೂರೂವರೆಗೆ ಹಿತ್ತಲಲ್ಲಿ ಶುರುವಾಗುವ ಅವರ ಮಾತನ್ನು ನಿಲ್ಲಿಸಬಲ್ಲ ರೆಫರಿ ರಾಣೇಬೆನ್ನೂರಿನಲ್ಲಿ ಇನ್ನೂ ಹುಟ್ಟಿಲ್ಲ.

ಆದ್ದರಿಂದ ಹಳೆಯ ಮನೆ ಕೆಡವಿ ಅಲ್ಲೇ ಹೊಸದು ಕಟ್ಟುವಾಗ ಒಂದೇ ಹಟ ಹಿಡಿದೆ: ಅಡುಗೆಮನೆಗೆ ಹಿತ್ತಲ ಬಾಗಿಲು ಬೇಡ. ಗಿರಿಜಾ ಬೇಕೇ ಬೇಕು ಎಂದಳು. ನನ್ನ ತಂಗಿಯ ಮಗಳು ಸ್ನೇಹಾ ಹಾವೇರಿಯಲ್ಲಿ ಎಂಜಿನಿಯರ್. ಅವಳೇ ಪಂಚಾಯ್ತಿ ಮಾಡಿದಳು: “ಮಾಮಾ, ಜಗಳ ಬ್ಯಾಡ. ಚಷ್ಮಾ ಹಾಕ್ಕೊಂಡು ಮನಿ ಒಳಗ ಅಡ್ಡಾಡಿ ನೋಡ್ರಿ. ಎಲ್ಲಾರೂ ಕೂಡೇ ಮನಿ ಮಾಡೋಣು.”

ಚಷ್ಮಾ ಎಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಒಂದು ಡಬ್ಬಿ. ಕಟ್ಟಿಕೊಂಡರೆ, ಖಾಲಿ ಸೈಟಿನಲ್ಲಿ ಇನ್ನೂ ಕಟ್ಟದ ಮನೆ ಎದ್ದು ನಿಲ್ಲುತ್ತದೆ.

ಶಿಸ್ತಿನಂತೆ ನಾನೇ ಮೊದಲು ಕಟ್ಟಿಕೊಂಡೆ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟೆ, ತಲೆ ಬಗ್ಗಿಸಿ ಒಳಗೆ ಕಾಲಿಟ್ಟೆ.

“ಮಾಸ್ತರ, ಬಾಗಲಾ ಏಳು ಫೂಟ್ ಐತ್ರಿ! ಯಾರಿಗೆ ಬಗ್ಗಾಕತ್ತೀರಿ?” ಎಂದು, ಮನೆ ಕಟ್ಟಲು ಬಂದಿದ್ದ ಬ್ಯಾಡಗಿಯ ಗೌಂಡಿ ಮೌಲಾಸಾಬ್ ನಕ್ಕ.

ಹಳೆಯ ಮನೆಯ ಗಿಡ್ಡ ಬಾಗಿಲಿನಿಂದ ನನ್ನ ಹಣೆ ಕಲಿತ ಪಾಠ ಅದು, ನಿವೃತ್ತಿಯಾದರೂ ಮರೆತಿಲ್ಲ. ಅಷ್ಟರಲ್ಲಿ ಫಳಫಳ ಹೊಳೆಯುವ ಗ್ರಾನೈಟ್ ನೆಲದ ಮೇಲೆ ನನ್ನ ಬರಿಗಾಲಿಗೆ ಜಾಲಿಮುಳ್ಳು ಹೊಕ್ಕಿತು. ಡಬ್ಬಿ ಹಣೆಗೇರಿಸಿ ಕೂತೆ. ಮುಳ್ಳು ಕೀಳಲು ಮೌಲಾಸಾಬ್ ಓಡಿಬಂದ. ಅವನ ಕಣ್ಣಿಗೆ ಯಾವ ಡಬ್ಬಿಯೂ ಇರಲಿಲ್ಲ. ಆದರೂ ನನ್ನ ಚಪ್ಪಲಿಯ ಪಕ್ಕ ತನ್ನ ಚಪ್ಪಲಿ ಬಿಟ್ಟೇ ಬಂದ! ಮನೆಗೆ ಅಡಿಪಾಯ ಮೊದಲು ಎನ್ನುತ್ತಾರೆ. ಸುಳ್ಳು. ಮೊದಲು ಬೀಳುವುದು ಚಪ್ಪಲಿ.

ಡಬ್ಬಿ ಮತ್ತೆ ಇಳಿಸಿಕೊಂಡು ಅಡುಗೆಮನೆ ನೋಡಿದೆ. ಹಿತ್ತಲ ಕಡೆ ಭದ್ರ ಗೋಡೆ. ಸಮಾಧಾನವಾಯಿತು.

ಮುಂದೆ ಗಿರಿಜಾಳ ಸರದಿ. ಇಲ್ಲದ ಒಲೆ ಮುಟ್ಟಿ ನೋಡಿದಳು, ಇಲ್ಲದ ಕಪಾಟು ತೆರೆದಳು. ಅಡ್ಡಿಯಿಲ್ಲ ಎಂದು ತಲೆಯಾಡಿಸುವಷ್ಟರಲ್ಲಿ ಬೇಲಿಯಾಚೆಯಿಂದ ದನಿ ಬಂತು: “ಗಿರಿಜಕ್ಕಾ, ಮಾರಿಗೆ ಏನ್ ಕಟ್ಕೊಂಡೀಯವಾ?”

ಗಿರಿಜಾ ತಿರುಗಿ ನೆಟ್ಟಗೆ ನಡೆದಳು. ಅತ್ತೆಗೆ ಕಾಣುವುದನ್ನೇ ಟ್ಯಾಬ್‌ನಲ್ಲಿ ನೋಡುತ್ತಿದ್ದ ಸ್ನೇಹಾ ಚೀರಿದಳು: “ಅತ್ತೀ, ಗೋಡಿ ಐತಿ! ಗೋಡಿ!”

“ಇರ್ಲಿ ಬಿಡವಾ, ಕಾಶವ್ವ ಕರ್ಯಾಕತ್ತಾಳ.”

ನನ್ನ ಭದ್ರ ಗೋಡೆಯನ್ನು ಸೀಳಿಕೊಂಡು ಹೋಗಿ ಬೇಲಿಯ ಬಳಿ ನಿಂತಳು. ಡಬ್ಬಿ ತೆಗೆಯಲೂ ಇಲ್ಲ. ಅವಳಿಗೆ ಎದುರು ಕಾಣುತ್ತಿದ್ದದ್ದು ಕಾಶವ್ವ ಅಲ್ಲ, ಸ್ನೇಹಾ ಕಂಪ್ಯೂಟರಿನಲ್ಲಿ ನೆಟ್ಟ ಅಶೋಕ ಮರ. ಮಾತಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ನಲವತ್ತು ನಿಮಿಷ ನಡೆಯಿತು. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ.

ಮೌಲಾಸಾಬ್ ಬೊಗಸೆಯಲ್ಲಿ ಸುಣ್ಣದ ಪುಡಿ ತಂದು, ಅವಳು ದಾಟಿದ ಜಾಗದಲ್ಲಿ ಎರಡು ಗೆರೆ ಎಳೆದ. “ಬಾಗಲಾ ಇಲ್ಲೇರಿ, ಮಾಸ್ತರ. ಇಲ್ಲಾಂದ್ರ ಅಕ್ಕಾರು ದಿನಾ ಗೋಡಿ ಒಡೀತಾರ.”

ಆ ಬಾಗಿಲು ಈಗ ಇದೆ. ಚಹಾ ಕೂಡ ನಾಲ್ಕಕ್ಕೆ ಸರಿಯಾಗಿ ಸಿಗುತ್ತಿದೆ, ಏಕೆಂದರೆ ಮಾಡುವವನು ನಾನೇ. ಮೂರು ಕಪ್ ಹಿಡಿದು ಹಿತ್ತಲಿಗೆ ದಾಟುವಾಗ, ಬಾಗಿಲು ಏಳಡಿ ಇದ್ದರೂ ತಲೆ ಬಗ್ಗಿಸುತ್ತೇನೆ. ಅಂದು ಬಗ್ಗಿಸಿದ್ದು ರೂಢಿಯಿಂದ. ಇದು ಸೋತ ತಂಡದ ಶಿಸ್ತು.